43 ಟೂಲ್‌ಟಿಪ್‌ಗಳಲ್ಲಿ ಉಳಿದದ್ದು 9: ಒಂದು ರಿಪೇರಿಯ ದಿನಚರಿ

ಕೆಲಸ ಶುರುವಾದದ್ದು ಒಂದು ಫೋನ್ ಕರೆಯಿಂದ. ಒಂದು ಸಣ್ಣ ಗ್ರಂಥಾಲಯಕ್ಕೆ ನಾನು ಬಿಡುವಿನ ವೇಳೆಯಲ್ಲಿ ಬರೆದುಕೊಟ್ಟ ಎರವಲು ರಿಜಿಸ್ಟರ್ ಇದೆ. ಬ್ರೌಸರಿನಲ್ಲಿ ಓಡುತ್ತದೆ. ಅದನ್ನು ದಿನವಿಡೀ ಬಳಸುವ ಮೇಡಂ ಹೇಳಿದರು: "ನೋಡಪ್ಪಾ, ಮೌಸ್ ತಗೊಂಡು ಹೋದ ತಕ್ಷಣ ಒಂದು ಕಪ್ಪು ಚೀಟಿ ಎದ್ದು ಬರುತ್ತೆ. ನಾನು ಒತ್ತಬೇಕಾದ ಬಟನ್ನೇ ಅದರಡಿ ಮುಚ್ಚಿಹೋಗುತ್ತೆ. ಅದನ್ನ ತಪ್ಪಿಸೋಣ ಅಂತ ಮೌಸ್ ಸರಿಸಿದರೆ ಪಕ್ಕದ್ದರ ಚೀಟಿ ಬರುತ್ತೆ."

ಕಪ್ಪು ಚೀಟಿ ಅಂದರೆ ನನ್ನ ಟೂಲ್‌ಟಿಪ್. ಹೆಸರು ಚೆನ್ನಾಗಿದೆ ಅನ್ನಿಸಿತು, ಇನ್ನು ಮುಂದೆ ನಾನೂ ಚೀಟಿ ಅಂತಲೇ ಕರೆಯುತ್ತೇನೆ.

ಮರುದಿನ ಹೋಗಿ ಅವರ ಪಕ್ಕದಲ್ಲಿ ಅರ್ಧ ಗಂಟೆ ಸುಮ್ಮನೆ ಕೂತೆ. ಎರವಲು ಪಟ್ಟಿಯ ಪ್ರತಿ ಸಾಲಿನ ಬಲತುದಿಯಲ್ಲಿ ನಾಲ್ಕು ಐಕಾನ್. ಮೇಲಿನ ಸಾಲಿನ ಐಕಾನಿನ ಮೇಲೆ ಮೌಸ್ ಹಾದರೆ ಚೀಟಿ ಕೆಳಕ್ಕೆ ಬಿಚ್ಚಿಕೊಂಡು ಕೆಳಗಿನ ಸಾಲಿನ ಐಕಾನನ್ನು ಮುಚ್ಚುತ್ತಿತ್ತು. ಅವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಮೌಸನ್ನು ನೇರ ಇಳಿಸದೆ, ಎಡಕ್ಕೆ ಹೋಗಿ, ಕೆಳಗಿಳಿದು, ಸುತ್ತಿ ಬಳಸಿ ಬಂದು ಒತ್ತುವುದು. ಸಹಾಯಕ್ಕೆಂದು ನಾನು ಇಟ್ಟ ವಸ್ತುವನ್ನು ತಪ್ಪಿಸಿಕೊಂಡು ಓಡಾಡುವುದನ್ನು ಅವರು ಅಭ್ಯಾಸ ಮಾಡಿಕೊಂಡಿದ್ದರು. ನಾಚಿಕೆಯಾಯಿತು.

ಮೊದಲ ದಿನ: ಎಣಿಕೆ

ರಿಪೇರಿಗೆ ಮುಂಚೆ ಎಷ್ಟಿವೆ ಅಂತ ಗೊತ್ತಾಗಬೇಕಲ್ಲ. ಕೋಡಿನಲ್ಲಿ ಹುಡುಕಿದೆ. ಕೆಲವು ಎಚ್‌ಟಿಎಂಎಲ್‌ನ ಟೈಟಲ್ ಆಟ್ರಿಬ್ಯೂಟಿನಲ್ಲಿ (ಅದರಲ್ಲಿ ಬರೆದದ್ದನ್ನು ಬ್ರೌಸರೇ ಚೀಟಿಯಾಗಿ ತೋರಿಸುತ್ತದೆ), ಉಳಿದವು ಹಳೆಯ ಕೋಡ್ ಲೈಬ್ರರಿಯೊಂದರ ಮೂಲಕ. ಒಟ್ಟು 43. ಎಲ್ಲವನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಹಾಕಿದೆ: ಈ ಚೀಟಿಯನ್ನು ಯಾರೂ ಯಾವತ್ತೂ ನೋಡದಿದ್ದರೆ ಕೆಲಸ ನಿಲ್ಲುತ್ತದೆಯೇ?

ನಿಲ್ಲುತ್ತದೆ ಅಂದರೆ ಆ ಮಾತು ಚೀಟಿಯಲ್ಲಿ ಇರಲೇಬಾರದು, ಸ್ಕ್ರೀನಿನ ಮೇಲೆ ಎದ್ದು ಕಾಣಬೇಕು. ನಿಲ್ಲುವುದಿಲ್ಲ, ಹೊಸದೇನೂ ತಿಳಿಯುವುದೂ ಇಲ್ಲ ಅಂದರೆ ಕಿತ್ತುಹಾಕಬೇಕು. ಇವೆರಡರ ನಡುವಿನ ಸಣ್ಣ ಸಂದಿಯಲ್ಲಿ ಉಳಿಯುವುದಷ್ಟೇ ಟೂಲ್‌ಟಿಪ್. ಈ ಜರಡಿ ಹಿಡಿದಾಗ ಸಿಕ್ಕ ಲೆಕ್ಕ: ಬಟನ್ನಿನ ಮೇಲಿನ ಮಾತನ್ನೇ ಮತ್ತೆ ಹೇಳುವವು 14. ಬರೀ ಐಕಾನಿಗೆ ಹೆಸರು ಕೊಡುವವು 11. ಫಾರ್ಮ್ ತುಂಬಲು ಗೊತ್ತಿರಲೇಬೇಕಾದ ನಿಯಮಗಳನ್ನು ಬಚ್ಚಿಟ್ಟುಕೊಂಡವು 8. ಉದ್ದವಾಗಿ ಮೂರು ಚುಕ್ಕಿಯಲ್ಲಿ ಕತ್ತರಿಸಿಹೋದ ಹೆಸರನ್ನು ಪೂರ್ತಿ ತೋರಿಸುವವು 4. ಒತ್ತಲಾಗದ ಬಟನ್ ಯಾಕೆ ಹಾಗಿದೆ ಅಂತ ವಿವರಿಸುವವು 3. ನಿಜವಾಗಿ ಹೆಚ್ಚುವರಿ ಮಾಹಿತಿ ಅನ್ನಬಹುದಾದವು ಬರೀ 3.

ಮೊದಲ 14ಕ್ಕೆ ಯೋಚನೆಯೇ ಬೇಕಾಗಲಿಲ್ಲ. "ಉಳಿಸಿ" ಅಂತ ದಪ್ಪಕ್ಷರದಲ್ಲಿರುವ ಬಟನ್ನಿಗೆ "ಉಳಿಸಲು ಇಲ್ಲಿ ಕ್ಲಿಕ್ ಮಾಡಿ" ಅನ್ನುವ ಚೀಟಿ. ಬರೆದವನು ನಾನೇ. ಹತ್ತು ನಿಮಿಷದಲ್ಲಿ ಎಲ್ಲ ಅಳಿಸಿದೆ.

ಎರಡನೆಯ ದಿನ: ಬಚ್ಚಿಟ್ಟ ನಿಯಮಗಳು

ಎಂಟು ಫೀಲ್ಡುಗಳ, ಅಂದರೆ ಫಾರ್ಮಿನಲ್ಲಿ ತುಂಬುವ ಖಾನೆಗಳ, ಕಥೆ ಬೇರೆ. ದಿನಾಂಕವನ್ನು ಯಾವ ಕ್ರಮದಲ್ಲಿ ಬರೆಯಬೇಕು, ಸದಸ್ಯರ ಸಂಖ್ಯೆ ಎಷ್ಟು ಅಂಕಿಯದು, ಎಲ್ಲವೂ ಫೀಲ್ಡಿನ ಪಕ್ಕದ ಪುಟ್ಟ ಪ್ರಶ್ನಾರ್ಥಕ ಚಿಹ್ನೆಯೊಳಗೆ. ಮೌಸ್ ಅಲ್ಲಿಟ್ಟು ಓದಬೇಕು, ಆಮೇಲೆ ಮೌಸ್ ಸರಿಸಿ ಫೀಲ್ಡಿಗೆ ಬಂದು ಬರೆಯಬೇಕು. ಬರೆಯುವ ಹೊತ್ತಿಗೆ ಚೀಟಿ ಮಾಯ. ಅಡುಗೆ ಮಾಡುವಾಗ ಪಾಕವಿಧಾನವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಹಾಗೆ.

ಇವುಗಳಲ್ಲಿ ಒಂದು ನನಗೆ ಪಾಠ ಕಲಿಸಿತು. ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಫೀಲ್ಡಿನ ಚೀಟಿಯಲ್ಲಿ ಹೀಗಿತ್ತು: "10 ಅಥವಾ 13 ಅಂಕಿ. 10 ಅಂಕಿಯದಾದರೆ ಕೊನೆಯಲ್ಲಿ ಎಕ್ಸ್ ಇರಬಹುದು." ಮಾತು ನಿಜ. 2007ರಿಂದ ಐಎಸ್‌ಬಿಎನ್‌ಗೆ 13 ಅಂಕಿ, ಅದಕ್ಕೂ ಹಳೆಯ ಪುಸ್ತಕಗಳಲ್ಲಿ 10. ಆ ಹತ್ತರಲ್ಲಿ ಕೊನೆಯದು ತಾಳೆ ನೋಡುವ ಅಂಕಿ, ಅದರ ಬೆಲೆ ಹತ್ತಾದಾಗ ಎಕ್ಸ್ ಬರೆಯುತ್ತಾರೆ. ಈ ವಾಕ್ಯವನ್ನು ಫೀಲ್ಡಿನ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ತಂದಿಟ್ಟು ನೋಡಿದರೆ ಫೀಲ್ಡು ಎಕ್ಸನ್ನು ತೆಗೆದುಕೊಳ್ಳುವುದೇ ಇಲ್ಲ! ಯಾವತ್ತೋ ನಾನೇ ಅದರ ಟೈಪನ್ನು ಸಂಖ್ಯೆ ಅಂತ ಇಟ್ಟಿದ್ದೆ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ಮೇಡಂ ಅವರನ್ನು ಕೇಳಿದರೆ, "ಎಕ್ಸ್ ಬೀಳಲ್ಲ, ಅದಕ್ಕೆ ಸೊನ್ನೆ ಹಾಕ್ತಿದ್ದೆ" ಅಂದರು. ಚೀಟಿಯನ್ನು ಯಾರೂ ಓದದ ಕಾರಣ ಈ ದೋಷವೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎಂಟಕ್ಕೆ ಎಂಟನ್ನೂ ಫೀಲ್ಡಿನ ಕೆಳಗೆ ಸಣ್ಣ ಅಕ್ಷರದ ಖಾಯಂ ಸಾಲಾಗಿ ಬರೆದೆ. ಫೀಲ್ಡಿಗೂ ಆ ಸಾಲಿಗೂ ಏರಿಯಾ-ಡಿಸ್ಕ್ರೈಬ್ಡ್‌ಬೈ ಆಟ್ರಿಬ್ಯೂಟಿನಿಂದ ಗಂಟು ಹಾಕಿದೆ. ಹಾಗೆ ಮಾಡಿದರೆ ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಸ್ಕ್ರೀನನ್ನು ಓದಿ ಹೇಳುವ ತಂತ್ರಾಂಶ) ಫೀಲ್ಡಿನ ಹೆಸರು ಓದಿದ ಮೇಲೆ ನಿಯಮವನ್ನೂ ಓದುತ್ತದೆ. ಫಾರ್ಮ್ ನಾಲ್ಕು ಬೆರಳಿನಷ್ಟು ಉದ್ದವಾಯಿತು. ಆಗಲಿ.

ಒತ್ತಲಾಗದ ಬಟನ್ನುಗಳದ್ದು ಇನ್ನೊಂದು ತಮಾಷೆ. ಸದಸ್ಯರು ಮಿತಿಯಷ್ಟು ಪುಸ್ತಕ ಆಗಲೇ ಒಯ್ದಿದ್ದರೆ "ಪುಸ್ತಕ ಕೊಡಿ" ಬಟನ್ ಮಂಕಾಗುತ್ತದೆ. ಯಾಕೆ ಅಂತ ಚೀಟಿಯಲ್ಲಿ ಬರೆದಿದ್ದೆ. ಆದರೆ ಹೀಗೆ ಡಿಸೇಬಲ್ ಮಾಡಿದ ಬಟನ್ನಿಗೆ ಕೀಬೋರ್ಡ್ ಫೋಕಸ್ ಹೋಗುವುದಿಲ್ಲ, ಅಂದರೆ ಟ್ಯಾಬ್ ಒತ್ತಿ ಅದರ ಮೇಲೆ ಬಂದು ನಿಲ್ಲಲಾಗುವುದಿಲ್ಲ, ಮೌಸಿನ ಸುದ್ದಿಯೂ ಅದಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಹಾಗಾಗಿ ಚೀಟಿ ಅತಿ ಅಗತ್ಯವಾದ ಜಾಗದಲ್ಲೇ ಅದು ಏಳುತ್ತಿರಲಿಲ್ಲ. ಬಟನ್ನನ್ನು ಇನ್ನೊಂದು ಪೆಟ್ಟಿಗೆಯೊಳಗಿಟ್ಟು ಆ ಪೆಟ್ಟಿಗೆಗೆ ಚೀಟಿ ಕಟ್ಟುವ ಹಳೆಯ ಜುಗಾಡ್ ಇದೆ. ಅದು ಬೇಡವೆನಿಸಿತು. ಬಟನ್ನನ್ನು ಮಂಕು ಮಾಡುವುದನ್ನೇ ಬಿಟ್ಟೆ. ಒತ್ತಿದರೆ "ಈ ಸದಸ್ಯರ ಬಳಿ ಈಗಾಗಲೇ ಮಿತಿಯಷ್ಟು ಪುಸ್ತಕಗಳಿವೆ" ಅನ್ನುವ ಸಾಲು ಬಟನ್ನಿನ ಮೇಲೆ ಬರುತ್ತದೆ. ಮೂರು ಚೀಟಿ ಹೋಯಿತು.

ಮೂರನೆಯ ದಿನ: ಐಕಾನ್

ಸಾಲಿನ ತುದಿಯ ಆ ನಾಲ್ಕು ಐಕಾನ್‌ಗಳಲ್ಲಿ ಎರಡು ಬಾಣದವು. ಒಂದು ಎಡಕ್ಕೆ ಬಾಗಿದ ಬಾಣ, ಪುಸ್ತಕ ಹಿಂದಿರುಗಿತು ಅಂತ. ಇನ್ನೊಂದು ದುಂಡನೆಯ ಬಾಣ, ಅವಧಿ ವಿಸ್ತರಿಸಿ ಅಂತ. ಬರೆದ ನನಗೇ ಒಂದು ಕ್ಷಣ ಯಾವುದು ಯಾವುದೆಂದು ಅನುಮಾನ ಬಂತು. ಜನ ಪ್ರತಿ ಸಲ ಮೌಸ್ ಇಟ್ಟು, ಚೀಟಿ ಓದಿ, ಒತ್ತುತ್ತಿದ್ದರು. ಹೀಗೆ ದಿನಕ್ಕೆ ನೂರು ಸಲ ಓದಬೇಕಾದ ಮಾತನ್ನು ಬಟನ್ನಿನ ಮೇಲೆಯೇ ಬರೆದರೆ ಆಯಿತಲ್ಲ. ಎರಡನ್ನು "ಹಿಂದಿರುಗಿತು", "ಅವಧಿ ವಿಸ್ತರಿಸಿ" ಎಂಬ ಅಕ್ಷರದ ಬಟನ್ ಮಾಡಿದೆ. ಅಪರೂಪಕ್ಕೆ ಬೇಕಾಗುವ ಇನ್ನೆರಡನ್ನು "ಇನ್ನಷ್ಟು" ಮೆನುವಿನೊಳಗೆ ಹೆಸರು ಸಮೇತ ಹಾಕಿದೆ. ಬೇರೆ ಸ್ಕ್ರೀನಿನ ಎರಡಕ್ಕೂ ಅಕ್ಷರ ಬಂತು. ಮೇಡಂ ಅವರ ದೂರು ಅಲ್ಲಿಗೇ ಮುಗಿಯಿತು, ಇನ್ನೂ ಒಂದು ಸಾಲು ಟೂಲ್‌ಟಿಪ್ ಕೋಡ್ ಬರೆಯುವ ಮೊದಲೇ.

ಮೇಲಿನ ಟೂಲ್‌ಬಾರಿನ ಐದು ಐಕಾನ್‌ಗಳನ್ನು (ಮುದ್ರಣ, ಡೌನ್‌ಲೋಡ್, ರಿಫ್ರೆಶ್, ಕಾಲಂ ಆಯ್ಕೆ, ಪೂರ್ತಿ ಸ್ಕ್ರೀನ್) ಹಾಗೇ ಬಿಟ್ಟೆ. ಜಾಗ ಕಡಿಮೆ, ಚಿತ್ರಗಳು ಹೆಚ್ಚುಕಡಿಮೆ ಪರಿಚಿತ. ಕತ್ತರಿಸಿದ ಹೆಸರುಗಳಲ್ಲಿ ಮೂರು ಕಾಲಂ ಎರಡು ಸಾಲಿಗೆ ಮಡಚಿಕೊಂಡವು. ಪುಸ್ತಕದ ಶೀರ್ಷಿಕೆ ಮಾತ್ರ ಒಂದೇ ಸಾಲಿನಲ್ಲಿ ನಿಲ್ಲಬೇಕಿತ್ತು, ಅದು ಹೇಗೂ ಲಿಂಕ್ ಆದ್ದರಿಂದ ಕೀಬೋರ್ಡಿಗೂ ಸಿಗುತ್ತದೆ. ಐದು, ಒಂದು, ಹೆಚ್ಚುವರಿ ಮಾಹಿತಿಯ ಮೂರು. ಒಟ್ಟು ಒಂಬತ್ತು.

ಕೆಡವುವ ಕೆಲಸ ಮುಗಿಯಿತು, ಒಂಬತ್ತಕ್ಕೆ ಏನು ಮಹಾ ಹೊತ್ತು ಬೇಕು ಅಂದುಕೊಂಡೆ. ಬಾಕಿ ನಾಲ್ಕು ದಿನ ಹಿಡಿಯಿತು.

ನಾಲ್ಕನೆಯ ದಿನ: ಹೊಸ ಚೀಟಿ ಕಟ್ಟುವುದು

ಟೈಟಲ್ ಆಟ್ರಿಬ್ಯೂಟ್ ಸಾಕಲ್ಲ, ಪುಕ್ಕಟೆ ಸಿಗುತ್ತದಲ್ಲ ಅಂತ ಕೇಳಬಹುದು. ಮೌಸನ್ನು ಪಕ್ಕಕ್ಕಿಟ್ಟು ಬರೀ ಟ್ಯಾಬ್ ಕೀ ಒತ್ತುತ್ತಾ ಹೋಗಿ ನೋಡಿ, ಹೆಚ್ಚಿನ ಬ್ರೌಸರುಗಳಲ್ಲಿ ಅದು ಏಳುವುದಿಲ್ಲ. ಫೋನಿನಲ್ಲಿ ಬೆರಳಿಟ್ಟರೂ ಇಲ್ಲ. ಎಷ್ಟು ಹೊತ್ತಿಗೆ ಬರಬೇಕು, ಯಾವ ಗಾತ್ರದಲ್ಲಿ ಬರಬೇಕು ಅನ್ನುವುದೂ ಬ್ರೌಸರಿನ ಕೈಯಲ್ಲಿದೆ. ಹಾಗಾಗಿ ಕೈಯಾರೆ ಕಟ್ಟಬೇಕಾಯಿತು.

ಮೊದಲು ಸಂಬಂಧ. ಚೀಟಿಗೆ ರೋಲ್ ಟೂಲ್‌ಟಿಪ್ ಅಂತ ಕೊಟ್ಟು, ಬಟನ್ನಿನಿಂದ ಅದಕ್ಕೆ ಏರಿಯಾ-ಡಿಸ್ಕ್ರೈಬ್ಡ್‌ಬೈ ಎಳೆದೆ. ಜೊತೆಗೆ ಬಟನ್ನಿಗೆ ಏರಿಯಾ-ಲೇಬಲ್, ಅಂದರೆ ಸ್ಕ್ರೀನ್ ರೀಡರಿಗೆ ಕೊಡುವ ಹೆಸರು, ಕೂಡ ಇತ್ತು. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿ ಕೇಳಿದರೆ "ಮುದ್ರಿಸು, ಬಟನ್, ಮುದ್ರಿಸು" ಅನ್ನುತ್ತದೆ, ಗಿಣಿಯ ಹಾಗೆ. ತಪ್ಪು ನನ್ನದೇ. ಐಕಾನ್ ಬಟನ್ನಿನಲ್ಲಿ ಚೀಟಿಯ ಮಾತೇ ಬಟನ್ನಿನ ಹೆಸರು, ಅದು ವಿವರಣೆ ಅಲ್ಲ. ಅಲ್ಲಿ ಏರಿಯಾ-ಲೇಬಲ್ಡ್‌ಬೈ ಒಂದೇ ಸಾಕು. ಹೆಸರು ಬೇರೆ ಇದ್ದು ಚೀಟಿ ಹೆಚ್ಚಿನದೇನಾದರೂ ಹೇಳುವಾಗ ಮಾತ್ರ ಡಿಸ್ಕ್ರೈಬ್ಡ್‌ಬೈ. ಚೀಟಿ ಮುಚ್ಚಿರುವಾಗಲೂ ಈ ಗಂಟು ಕೆಲಸ ಮಾಡುತ್ತದೆ, ಸ್ಕ್ರೀನ್ ರೀಡರಿಗಾಗಿ ಅದನ್ನು ಮೊದಲೇ ತೆರೆದಿಡಬೇಕಿಲ್ಲ. ಶೀರ್ಷಿಕೆಯ ಲಿಂಕಿಗಂತೂ ಯಾವ ಗಂಟೂ ಬೇಡ. ಕಣ್ಣಿಗೆ ಕತ್ತರಿಸಿ ತೋರಿಸಿದರೂ ಸ್ಕ್ರೀನ್ ರೀಡರಿಗೆ ಪೂರ್ತಿ ಹೆಸರು ಮೊದಲಿನಿಂದಲೂ ಸಿಗುತ್ತಲೇ ಇತ್ತು.

ಆಮೇಲೆ ಹೊತ್ತು. ಚೀಟಿ ಎಷ್ಟು ತಡೆದು ಏಳಬೇಕು? ವಿಂಡೋಸಿನ ಹಳೆಯ ಟೂಲ್‌ಟಿಪ್ ಕಂಟ್ರೋಲ್ ಡಬಲ್ ಕ್ಲಿಕ್ಕಿನ ಸಮಯವನ್ನೇ ಅಳತೆಗೋಲು ಮಾಡಿಕೊಂಡಿದೆ. ಅದು ಮಾಮೂಲಿಯಾಗಿ 500 ಮಿಲಿಸೆಕೆಂಡ್, ಮೌಸ್ ನಿಂತ ಮೇಲೆ ಅಷ್ಟು ಕಾದು ಚೀಟಿ ಏಳುತ್ತದೆ. ಎದ್ದ ಮೇಲೆ ಅದರ ಹತ್ತರಷ್ಟು, ಅಂದರೆ 5 ಸೆಕೆಂಡ್ ನಿಲ್ಲುತ್ತದೆ. ಒಂದು ಚೀಟಿ ನೋಡಿ ಪಕ್ಕದ ಬಟನ್ನಿಗೆ ಜಾರಿದರೆ ಐದನೇ ಒಂದು ಪಾಲು, 100 ಮಿಲಿಸೆಕೆಂಡಿಗೇ ಮುಂದಿನದು ಬರುತ್ತದೆ. ಈ ಕೊನೆಯದು ಬಹಳ ಸೊಗಸಾದ ಯೋಚನೆ. ಒಂದನ್ನು ಕಾದು ಓದಿದವನು ಈಗ ಓದುವ ಮನಸ್ಸಿನಲ್ಲೇ ಇದ್ದಾನೆ, ಅವನನ್ನು ಮತ್ತೆ ಮತ್ತೆ ಕಾಯಿಸಬಾರದು. ಇದಕ್ಕೆ ಮುಂಚೆ, 1991ರಲ್ಲಿ, ಮ್ಯಾಕಿನ ಸಿಸ್ಟಂ 7ರಲ್ಲಿ ಬಲೂನ್ ಹೆಲ್ಪ್ ಅಂತ ಬಂದಿತ್ತು. ಮೆನುವಿನಿಂದ ಚಾಲೂ ಮಾಡಿದರೆ ಕರ್ಸರ್ ಹೋದಲ್ಲೆಲ್ಲ ಒಂದೊಂದು ಬಲೂನು. ನನ್ನ ಹಳೆಯ ರಿಜಿಸ್ಟರಿನಲ್ಲೂ ತಡೆ ಸೊನ್ನೆ ಇತ್ತು, ಅಂದರೆ ನಾನು ಗೊತ್ತಿಲ್ಲದೆ ಬಲೂನನ್ನೇ ಕಟ್ಟಿದ್ದೆ, ಆಫ್ ಮಾಡುವ ಮೆನು ಒಂದನ್ನು ಬಿಟ್ಟು.

500 ಮಿಲಿಸೆಕೆಂಡನ್ನು ತೆಗೆದುಕೊಂಡೆ, ಜಾರುವಾಗಿನ ಬೇಗವನ್ನೂ ತೆಗೆದುಕೊಂಡೆ. 5 ಸೆಕೆಂಡಿಗೆ ತಾನಾಗಿ ಮುಚ್ಚುವುದನ್ನು ಬಿಟ್ಟೆ, ಕಾರಣ ಮುಂದೆ ಹೇಳುತ್ತೇನೆ. ಕೀಬೋರ್ಡಿನಿಂದ ಬಂದರೆ ತಡೆಯೇ ಇಲ್ಲ. ಟ್ಯಾಬ್ ಒತ್ತಿ ಬಂದವರು ಅಲ್ಲಿ ಸುಮ್ಮನೆ ಹಾದುಹೋಗುತ್ತಿಲ್ಲ, ಬಂದು ನಿಂತಿದ್ದಾರೆ.

ಕೋಡ್ ಬರೆದು, ಟೂಲ್‌ಬಾರಿನ ಮೇಲೆ ಮೌಸನ್ನು ಸರ್ರನೆ ಎಳೆದೆ. ಒಂದು ಕ್ಷಣ ಏನೂ ಇಲ್ಲ. ಅರ್ಧ ಸೆಕೆಂಡ್ ಕಳೆದ ಮೇಲೆ, ಮೌಸ್ ಎಲ್ಲೋ ಇರುವಾಗ, ಐದೂ ಚೀಟಿ ಒಟ್ಟಿಗೆ ಎದ್ದವು! ಪ್ರತಿ ಬಟನ್ನೂ ತನ್ನದೇ ಟೈಮರ್ ಹಚ್ಚಿಟ್ಟು, ಮೌಸ್ ಹೊರಗೆ ಹೋದಾಗ ಅದನ್ನು ಆರಿಸುವುದನ್ನು ನಾನು ಮರೆತಿದ್ದೆ. ಇಡೀ ಪುಟಕ್ಕೆ ಒಂದೇ ಟೈಮರ್, ಒಂದೇ ಸಲಕ್ಕೆ ಒಂದೇ ಚೀಟಿ ಅಂತ ಮಾಡಿದ ಮೇಲೆ ಸರಿಹೋಯಿತು.

ಐದನೆಯ ದಿನ: ಕತ್ತರಿ

ಪಟ್ಟಿಯ ಟೇಬಲ್ ಅಗಲವಾಗಿದೆ, ಅಡ್ಡಡ್ಡ ಸ್ಕ್ರಾಲ್ ಆಗಲಿ ಅಂತ ಅದರ ಪೆಟ್ಟಿಗೆಗೆ ಓವರ್‌ಫ್ಲೋ ಆಟೋ ಕೊಟ್ಟಿದ್ದೇನೆ. ಮೊದಲ ಸಾಲಿನ ಶೀರ್ಷಿಕೆಯ ಚೀಟಿ ಮೇಲಕ್ಕೆ ಎದ್ದಾಗ ಅದರ ಅರ್ಧ ಪೆಟ್ಟಿಗೆಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಯಿತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಝಡ್-ಇಂಡೆಕ್ಸ್ 9999. ಏನೂ ಆಗಲಿಲ್ಲ. ಆಗುವುದೂ ಇಲ್ಲ. ಝಡ್-ಇಂಡೆಕ್ಸ್ ಯಾರು ಯಾರ ಮೇಲೆ ಅನ್ನುವುದನ್ನು ತೀರ್ಮಾನಿಸುತ್ತದೆ, ಪೆಟ್ಟಿಗೆಯ ಗೋಡೆ ದಾಟಿಸುವ ಶಕ್ತಿ ಅದಕ್ಕಿಲ್ಲ.

ಈಗ ಇದಕ್ಕೆ ಬ್ರೌಸರಿನಲ್ಲೇ ಮದ್ದಿದೆ: ಪಾಪೋವರ್ ಆಟ್ರಿಬ್ಯೂಟ್. ಅದನ್ನು ಕೊಟ್ಟ ಎಲಿಮೆಂಟ್ ತೆರೆದಾಗ ಪುಟದ ಎಲ್ಲ ಪೆಟ್ಟಿಗೆಗಳ ಆಚೆ, ಟಾಪ್ ಲೇಯರಿಗೆ ಹೋಗುತ್ತದೆ. ಕ್ರೋಮ್ ಮತ್ತು ಸಫಾರಿಯಲ್ಲಿ 2023ರಿಂದ, ಫೈರ್‌ಫಾಕ್ಸಿನಲ್ಲಿ 2024ರಿಂದ ಇದೆ. ಹಚ್ಚಿದೆ. ಚೀಟಿ ಸ್ಕ್ರೀನಿನ ನಟ್ಟನಡುವೆ ಬಂದು ಕೂತಿತು! ಬ್ರೌಸರ್ ಪಾಪೋವರಿಗೆ ತನ್ನದೇ ಸ್ಟೈಲ್ ಕೊಟ್ಟಿರುತ್ತದೆ: ನಾಲ್ಕೂ ಅಂಚಿಗೆ ಸೊನ್ನೆ, ಮಾರ್ಜಿನ್ ಆಟೋ. ಅಂದರೆ ನಡುಮನೆಯಲ್ಲಿ ಕೂರು ಅಂತ. ಅವೆರಡನ್ನೂ ಅಳಿಸಿ ನನ್ನ ಲೆಕ್ಕದ ಜಾಗ ಕೊಟ್ಟೆ.

ಜಾಗದ ಲೆಕ್ಕ ಸರಳ. ಬಟನ್ನಿನ ಮೇಲೆ 8 ಪಿಕ್ಸೆಲ್ ಬಿಟ್ಟು ಕೂರಿಸು, ಮೇಲೆ ಜಾಗವಿಲ್ಲದಿದ್ದರೆ ಕೆಳಗೆ, ಎಡಬಲದಲ್ಲಿ ಸ್ಕ್ರೀನಿನಾಚೆ ಹೋಗುವುದಾದರೆ ಒಳಕ್ಕೆ ತಳ್ಳು. ಆದರೆ ಚೀಟಿಯ ಅಗಲವನ್ನು ತೆರೆಯುವ ಮುಂಚೆ ಅಳೆದರೆ ಸೊನ್ನೆ ಬರುತ್ತದೆ, ಮುಚ್ಚಿದ ವಸ್ತುವಿಗೆ ಮೈಯೇ ಇಲ್ಲವಲ್ಲ. ತೆರೆದು, ಅಳೆದು, ಕೂರಿಸಬೇಕು. ಈ ಕ್ರಮ ತಿರುವುಮುರುವಾಗಿ ಅರ್ಧ ಗಂಟೆ ಹೋಯಿತು. ಪುಟದ ಅಂದಚಂದ ಬರೆಯುವ ಭಾಷೆಯಾದ ಸಿಎಸ್‌ಎಸ್‌ನ ಆಂಕರ್ ಪೊಸಿಶನಿಂಗ್ ಈ ಲೆಕ್ಕವನ್ನೆಲ್ಲ ತಾನೇ ಮಾಡುತ್ತದೆ, ಕ್ರೋಮಿಗೆ 2024ರಲ್ಲಿ ಬಂತು. ಗ್ರಂಥಾಲಯದ ಒಂದೆರಡು ಕಂಪ್ಯೂಟರುಗಳಲ್ಲಿ ಹಳೆಯ ಬ್ರೌಸರ್ ಇರುವುದರಿಂದ ನಾನು ಕೈಲೆಕ್ಕಕ್ಕೇ ನಿಂತೆ.

ಪಾಪೋವರಿಗೆ ಆಟೋ ಅನ್ನುವ ಬೆಲೆ ಕೊಟ್ಟಿದ್ದೆ. "ಇನ್ನಷ್ಟು" ಮೆನುವೂ ಈಗ ಪಾಪೋವರೇ. ಮೆನು ತೆರೆದಿಟ್ಟು ಮೌಸನ್ನು ಶೀರ್ಷಿಕೆಯ ಮೇಲೆ ತಂದರೆ ಚೀಟಿ ಎದ್ದಿತು, ಮೆನು ಮುಚ್ಚಿಕೊಂಡಿತು. ಒಂದು ಆಟೋ ಎದ್ದರೆ ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಆಟೋ ಮಲಗುತ್ತದೆ. ಚೀಟಿಗಳಿಗೆಲ್ಲ ಮ್ಯಾನ್ಯುಯಲ್ ಅಂತ ಬದಲಿಸಿದೆ. ಮ್ಯಾನ್ಯುಯಲ್ ಆದರೆ ಎಸ್ಕೇಪ್ ಒತ್ತಿದರೆ ಮುಚ್ಚುವ ಕೆಲಸವನ್ನೂ ನಾವೇ ಮಾಡಬೇಕು.

ಆರನೆಯ ದಿನ: ಮೂರು ಶರತ್ತು

ಡಬ್ಲ್ಯುಸಿಎಜಿ 2.1, ಅಂದರೆ ವೆಬ್ ಪುಟ ಎಲ್ಲರಿಗೂ ಬಳಸಲು ಬರಬೇಕು ಅನ್ನುವ ಮಾರ್ಗಸೂಚಿ, ಬಂದದ್ದು 2018ರಲ್ಲಿ. ಅದರ 1.4.13ನೆಯ ನಿಯಮ ನೇರವಾಗಿ ಇಂಥ ಚೀಟಿಗಳದ್ದೇ. ಮೂರು ಶರತ್ತು: ಮೌಸ್ ಅಥವಾ ಫೋಕಸ್ ಅಲ್ಲಾಡಿಸದೆಯೇ ಮುಚ್ಚಲು ಬರಬೇಕು. ಮೌಸನ್ನು ಚೀಟಿಯ ಮೇಲೆ ಒಯ್ದರೂ ಅದು ಮಾಯವಾಗಬಾರದು. ಬಳಸುವವರು ಬಿಟ್ಟುಹೋಗುವವರೆಗೆ ಅಥವಾ ತಾವೇ ಮುಚ್ಚುವವರೆಗೆ ನಿಲ್ಲಬೇಕು. 5 ಸೆಕೆಂಡಿನ ಗಡುವನ್ನು ಬಿಟ್ಟದ್ದು ಈ ಮೂರನೆಯದಕ್ಕೆ. ನಿಧಾನವಾಗಿ ಓದುವವರಿಗೆ ಐದು ಸೆಕೆಂಡ್ ಏನೇನೂ ಸಾಲದು.

ಎರಡನೆಯದು ಯಾಕೆ ಬೇಕು ಅಂತ ನನಗೆ ಮೊದಲು ಹೊಳೆದಿರಲಿಲ್ಲ. ಸ್ಕ್ರೀನನ್ನು ಭೂತಗನ್ನಡಿ ತಂತ್ರಾಂಶದಿಂದ ದೊಡ್ಡದು ಮಾಡಿ ನೋಡುವವರಿಗೆ ಒಮ್ಮೆಗೆ ಚೀಟಿಯ ಒಂದು ತುಣುಕು ಮಾತ್ರ ಕಾಣುತ್ತದೆ. ಉಳಿದದ್ದು ಓದಲು ಮೌಸನ್ನು ಚೀಟಿಯ ಕಡೆಗೇ ಒಯ್ಯಬೇಕು. ಒಯ್ದರೆ ಮುಚ್ಚಿಕೊಂಡುಬಿಟ್ಟರೆ? ನನ್ನಲ್ಲಿ ಆ 8 ಪಿಕ್ಸೆಲ್ಲಿನ ಸಂದಿ ಇತ್ತಲ್ಲ, ಮೌಸ್ ಅಲ್ಲಿ ಕಾಲಿಟ್ಟ ಕೂಡಲೇ ಬಟನ್ನನ್ನೂ ಬಿಟ್ಟಿತು, ಚೀಟಿಯನ್ನೂ ಮುಟ್ಟಲಿಲ್ಲ. ಎರಡು ಉಪಾಯ ಕೂಡಿಸಿದೆ. ಮುಚ್ಚುವುದಕ್ಕೆ 150 ಮಿಲಿಸೆಕೆಂಡ್ ತಡೆ, ಜೊತೆಗೆ ಚೀಟಿಯ ಅಂಚಿನಿಂದ ಬಟನ್ನಿನವರೆಗೆ ಚಾಚಿಕೊಂಡ, ಕಣ್ಣಿಗೆ ಕಾಣದ ಒಂದು ಸೇತುವೆ, ಸಿಎಸ್‌ಎಸ್‌ನ ಸೂಡೋ ಎಲಿಮೆಂಟಿನದು. ಸೇತುವೆ ಕೆಲಸವೇ ಮಾಡಲಿಲ್ಲ. ನೋಡಿದರೆ ಅದೇ ಪಾಪೋವರಿನ ಬ್ರೌಸರ್ ಸ್ಟೈಲ್: ಓವರ್‌ಫ್ಲೋ ಆಟೋ. ಚೀಟಿಯಿಂದ ಹೊರಗೆ ಚಾಚಿದ್ದನ್ನೆಲ್ಲ ಅದು ಕತ್ತರಿಸುತ್ತಿತ್ತು. ಓವರ್‌ಫ್ಲೋ ವಿಸಿಬಲ್ ಮಾಡಿದೆ. ನಿನ್ನೆ ಯಾವ ಕತ್ತರಿಯಿಂದ ತಪ್ಪಿಸಿಕೊಂಡೆನೋ ಇವತ್ತು ಅದೇ ಕತ್ತರಿಗೆ ಸಿಕ್ಕಿದ್ದೆ.

ಎಸ್ಕೇಪ್ ಕೂಡ ಸುಲಭವಾಗಿ ಬಗೆಹರಿಯಲಿಲ್ಲ. ಹೊಸ ಸದಸ್ಯರ ಫಾರ್ಮ್ ಒಂದು ಡೈಲಾಗಿನಲ್ಲಿ ತೆರೆಯುತ್ತದೆ. ಅದರೊಳಗಿನ ಚೀಟಿ ಮುಚ್ಚಲು ಎಸ್ಕೇಪ್ ಒತ್ತಿದೆ, ಚೀಟಿಯ ಜೊತೆ ಡೈಲಾಗೂ ಮುಚ್ಚಿತು, ತುಂಬಿದ್ದೆಲ್ಲ ಹೋಯಿತು. ಇಲಿ ಹಿಡಿಯಲು ಮನೆಗೇ ಬೆಂಕಿ ಹಚ್ಚಿದಂತಾಯಿತು. ಈಗ ಚೀಟಿ ತೆರೆದಿದ್ದರೆ ಎಸ್ಕೇಪಿನ ಸುದ್ದಿ ಮೊದಲು ಅದಕ್ಕೆ ಸಿಗುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಎರಡನೆಯ ಸಲ ಒತ್ತಿದರೆ ಡೈಲಾಗಿನ ಸರದಿ.

ಸಂಜೆ ಇನ್ನೊಂದು ವಿಚಿತ್ರ. ಟ್ಯಾಬ್ ಒತ್ತುತ್ತಾ ಪಟ್ಟಿಯಲ್ಲಿ ಇಳಿಯುವಾಗ ಸ್ಕ್ರೀನಿನ ತಳದ ಸಾಲುಗಳಲ್ಲಿ ಮಾತ್ರ ಚೀಟಿ ಒಮ್ಮೆ ಮಿಂಚಿ ಮಾಯವಾಗುತ್ತಿತ್ತು. ಬಹಳ ಹೊತ್ತು ಟೈಮರನ್ನೇ ಅನುಮಾನಿಸಿದೆ. ಕಾರಣ ಬೇರೆ: ಸ್ಕ್ರಾಲ್ ಆದರೆ ಚೀಟಿ ಮುಚ್ಚು ಅಂತ ನಾನೇ ಬರೆದಿದ್ದೆ. ಫೋಕಸ್ ಹೊರಗಿದ್ದ ಸಾಲಿಗೆ ಹೋದಾಗ ಅದನ್ನು ಕಾಣಿಸಲು ಬ್ರೌಸರೇ ಸ್ಕ್ರಾಲ್ ಮಾಡುತ್ತದೆ. ಫೋಕಸ್ ಚೀಟಿ ತೆರೆಯಿತು, ಅದೇ ಫೋಕಸಿನಿಂದಾದ ಸ್ಕ್ರಾಲ್ ಮುಚ್ಚಿತು. ಮುಚ್ಚುವ ಬದಲು ಜಾಗವನ್ನು ಮತ್ತೆ ಲೆಕ್ಕ ಹಾಕುವ ಹಾಗೆ ಬದಲಾಯಿಸಿದೆ.

ಫೋನಿನ ಪಾಡು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆರಳು ತಾಗಿದಾಗ ಬ್ರೌಸರ್ ಮೌಸಿನ ಸುಳ್ಳು ಸುದ್ದಿಯನ್ನೂ ಹುಟ್ಟಿಸುತ್ತದೆ, ಅದನ್ನು ನಂಬಿದರೆ ಒತ್ತಿದ ಮೇಲೆ ಚೀಟಿ ಅಲ್ಲೇ ಅಂಟಿಕೊಳ್ಳುತ್ತದೆ. ಪಾಯಿಂಟರ್ ಈವೆಂಟಿನಲ್ಲಿ ಇದು ಮೌಸೋ ಬೆರಳೋ ಅಂತ ಕೇಳಿ, ಬೆರಳಾದರೆ ಬಿಟ್ಟುಬಿಡುತ್ತೇನೆ. ಕಿರಿದಾದ ಸ್ಕ್ರೀನಿನಲ್ಲಿ ಟೂಲ್‌ಬಾರಿನ ಐದೂ ಹೆಸರು ಸಮೇತ ಮೆನುವಿನೊಳಗೆ ಹೋಗುತ್ತವೆ. ಉಳಿದ ಆ ಮೂರು ಹೆಚ್ಚುವರಿ ಮಾಹಿತಿಗಳು, ಉದಾಹರಣೆಗೆ ರಜಾದಿನ ಬಂದರೆ ಹಿಂದಿರುಗಿಸುವ ದಿನಾಂಕದ ಲೆಕ್ಕ ಹೇಗೆ ಅನ್ನುವುದು, ಫೋನಿನಲ್ಲೂ ಬೇಕು. ಅವನ್ನು ಒತ್ತಿದರೆ ತೆರೆದು, ಮತ್ತೆ ಒತ್ತಿದರೆ ಮುಚ್ಚುವ ಮಾಹಿತಿ ಬಟನ್ ಮಾಡಿದೆ, ತೆರೆದಾಗ ಸ್ಕ್ರೀನ್ ರೀಡರ್ ತಾನಾಗಿ ಓದುವಂತೆ ಲೈವ್ ರೀಜನ್ ಇಟ್ಟೆ. ಕಡ್ಡಿ ಮುರಿದಂತೆ ಹೇಳುವುದಾದರೆ ಇವು ಟೂಲ್‌ಟಿಪ್ ಅಲ್ಲ, ಟಾಗಲ್‌ಟಿಪ್. ಹಾಗಾಗಿ ಈ ಬರಹದ ತಲೆಬರಹದಲ್ಲಿರುವ 9 ಸ್ವಲ್ಪ ಉಬ್ಬಿಸಿದ ಲೆಕ್ಕ.

ಏಳನೆಯ ದಿನ: ಅಕ್ಷರ, ಮಾತು

ಚೀಟಿಯ ಅಕ್ಷರ 12 ಪಿಕ್ಸೆಲ್, ಸಾಲಿನ ಎತ್ತರ 1.2 ಇತ್ತು. ಇಂಗ್ಲಿಷಿಗೆ ಸಾಕು. ಕನ್ನಡದಲ್ಲಿ "ಶಾಸ್ತ್ರ" ಅಂತ ಬಂದರೆ ಒತ್ತಕ್ಷರಗಳು ಒಂದರ ಕೆಳಗೊಂದು ಇಳಿದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಕೊನೆಯ ಸಾಲಾದರೆ ಚೀಟಿಯ ತಳಕ್ಕೆ. 14 ಪಿಕ್ಸೆಲ್, 1.6 ಮಾಡಿದ ಮೇಲೆ ಉಸಿರಾಡಲು ಜಾಗವಾಯಿತು. ಅಗಲವನ್ನೂ ಹೆಚ್ಚಿಸಬೇಕಾಯಿತು. 160 ಪಿಕ್ಸೆಲ್ಲಿನಲ್ಲಿ "ಹಿಂದಿರುಗಿಸಬೇಕಾದ" ಅನ್ನುವ ಒಂದೇ ಪದ ಒಂದು ಸಾಲನ್ನು ನುಂಗಿ ಕೂರುತ್ತದೆ. ವಿಂಡೋಸಿನ ಹೈ ಕಾಂಟ್ರಾಸ್ಟ್ ಮೋಡಿನಲ್ಲಿ ನಮ್ಮ ಬಣ್ಣಗಳೆಲ್ಲ ಹೋಗಿ ಚೀಟಿಗೆ ಗಡಿಯೇ ಇಲ್ಲದಂತಾಗಿತ್ತು. 1 ಪಿಕ್ಸೆಲ್ಲಿನ ಪಾರದರ್ಶಕ ಬಾರ್ಡರ್ ಹಾಕಿದೆ. ಮಾಮೂಲಿಯಾಗಿ ಕಾಣುವುದಿಲ್ಲ, ಆ ಮೋಡಿನಲ್ಲಿ ಗೆರೆಯಾಗಿ ಕಾಣುತ್ತದೆ.

ಕೊನೆಗೆ ಮಾತು. ಮುದ್ರಣದ ಚೀಟಿಯಲ್ಲಿ "ಮುದ್ರಿಸು" ಅಂತಿತ್ತು, ಡೌನ್‌ಲೋಡಿನದರಲ್ಲಿ "ಡೌನ್‌ಲೋಡ್ ಮಾಡಿ", ರಿಫ್ರೆಶ್‌ನದರಲ್ಲಿ "ಮರುಲೋಡಿಕೆ". ಒಂದು ಏಕವಚನ, ಒಂದು ಬಹುವಚನ, ಒಂದು ಸರ್ಕಾರಿ ಸುತ್ತೋಲೆ. ಎಲ್ಲವನ್ನೂ "ಮಾಡಿ" ಧಾಟಿಗೆ ತಂದೆ. ದಿನಾಂಕದ ಲೆಕ್ಕದ ಹಳೆಯ ಮಾತು ಹೀಗಿತ್ತು: "ಹಿಂದಿರುಗಿಸಬೇಕಾದ ದಿನಾಂಕವು ರಜಾದಿನದಂದು ಬರುವ ಸಂದರ್ಭದಲ್ಲಿ ಸದರಿ ದಿನಾಂಕವನ್ನು ಮುಂದಿನ ಕೆಲಸದ ದಿನಕ್ಕೆ ಸ್ವಯಂಚಾಲಿತವಾಗಿ ಬದಲಾಯಿಸಲಾಗುವುದು." ಹೊಸದು: "ಕೊನೆಯ ದಿನ ರಜೆ ಇದ್ದರೆ ಮಾರನೆಯ ಕೆಲಸದ ದಿನದವರೆಗೆ ಅವಕಾಶ." ಮೇಡಂ ಓದಿ, "ಓ, ಇದಾ? ಇದನ್ನ ನಾನು ಎಲ್ಲರಿಗೂ ಬಾಯಲ್ಲೇ ಹೇಳ್ತಿದ್ನಲ್ಲಪ್ಪಾ" ಅಂದರು.

ಬಾಕಿ

ಒಂದು ಕಾಟ ಉಳಿದಿದೆ. ಬಟನ್ನನ್ನು ಮೌಸಿನಿಂದ ಒತ್ತಿದಾಗ ಫೋಕಸ್ ಬಂದು ಚೀಟಿ ಏಳಬಾರದು ಅಂತ ಫೋಕಸ್-ವಿಸಿಬಲ್ (ಫೋಕಸ್ ಕೀಬೋರ್ಡಿನಿಂದ ಬಂತು ಅಂತ ಬ್ರೌಸರ್ ಎಣಿಸಿದಾಗ ಹಾಕುವ ಗುರುತು) ಇದ್ದರಷ್ಟೇ ತೆರೆಯುವ ಹಾಗೆ ಮಾಡಿದ್ದೇನೆ. ಆದರೆ "ಕಾಲಂ ಆಯ್ಕೆ" ಬಟನ್ ಒತ್ತಿ, ಅದರ ಡೈಲಾಗಿನಲ್ಲಿರುವ ಹುಡುಕುವ ಫೀಲ್ಡಿನಲ್ಲಿ ಏನೋ ಬರೆದು ಎಂಟರ್ ಹೊಡೆದರೆ ಡೈಲಾಗ್ ಮುಚ್ಚಿ ಫೋಕಸ್ ವಾಪಸ್ ಬಟನ್ನಿಗೆ ಬರುತ್ತದೆ. ಅಕ್ಷರ ಬರೆಯುವ ಫೀಲ್ಡಿನಿಂದ ಬಂದ ಫೋಕಸಾದ್ದರಿಂದ ಬ್ರೌಸರ್ ಅದನ್ನು ಕೀಬೋರ್ಡಿನದೇ ಅಂತ ಎಣಿಸುತ್ತದೆ, ಯಾರೂ ಕರೆಯದ ಚೀಟಿ ಎದ್ದು ನಿಲ್ಲುತ್ತದೆ. ವಾಪಸ್ ಬಂದ ಫೋಕಸಿಗೆ ಚೀಟಿ ತೆರೆಯಬೇಡ ಅಂತ ಒಂದು ಗುರುತು ಹಾಕಿ ನೋಡಿದೆ. ಆಗ ಪೂರ್ತಿ ಕೀಬೋರ್ಡಿನಲ್ಲೇ ಕೆಲಸ ಮಾಡುವವರಿಗೆ ತಾವು ಯಾವ ಐಕಾನಿನ ಮೇಲೆ ಮರಳಿ ಬಂದೆವು ಅಂತ ಕಾಣುವುದಿಲ್ಲ. ಗುರುತನ್ನು ತೆಗೆದೆ. ಸದ್ಯಕ್ಕೆ ಆ ಚೀಟಿ ಏಳುತ್ತದೆ, ಎಸ್ಕೇಪ್ ಒತ್ತಿದರೆ ಹೋಗುತ್ತದೆ, ಮೊದಲ ದಿನದ ಹಾಳೆಯಲ್ಲಿ ಆ ಸಾಲಿನ ಮುಂದೆ ಇನ್ನೂ ಟಿಕ್ ಬಿದ್ದಿಲ್ಲ.